ಗೋಣಿ ತಂದಿದ್ದೀಯಾ?

ಕನಸು ಬಿದ್ದು ಮೂರು ವಾರ ಆಯಿತು. ಇನ್ನೂ ನನ್ನನ್ನು ಬಿಟ್ಟಿಲ್ಲ. ಸಾಮಾನ್ಯವಾಗಿ ನನಗೆ ಕನಸು ನೆನಪಿರುವುದಿಲ್ಲ, ಎದ್ದು ಮುಖ ತೊಳೆಯುವಷ್ಟರಲ್ಲಿ ಹೋಗಿಬಿಡುತ್ತದೆ. ಇದು ಹಾಗಲ್ಲ. ಕುಂಬಳೆಯಿಂದ ಮಂಗಳೂರಿಗೆ ರೈಲಿನಲ್ಲಿ ಹೋಗುವಾಗ ಬರುತ್ತದೆ, ಊಟಕ್ಕೆ ಕೂತಾಗ ಬರುತ್ತದೆ. ಬರೆದರೆ ಸ್ವಲ್ಪ ಹಗುರ ಆಗಬಹುದು ಅಂತ ಕೂತಿದ್ದೇನೆ.

ಮೊದಲು ಕನಸನ್ನು ಕಂಡ ಹಾಗೆಯೇ ಹೇಳಿಬಿಡುತ್ತೇನೆ.

ಒಂದು ಉದ್ದದ ಸಾಲು. ಜಾಗ ಕೇರಳ ಕರ್ನಾಟಕದ ನಡುವಿನ ತಲಪಾಡಿಯ ಚೆಕ್‌ಪೋಸ್ಟಿನ ಹಾಗಿದೆ. ಆದರೆ ಕಾಲಡಿಯಲ್ಲಿ ಡಾಂಬರು ಇಲ್ಲ, ನಮ್ಮ ತರವಾಡು ಮನೆಯ, ಅಂದರೆ ಹಿರಿಯರ ಮನೆಯ, ಅಂಗಳದಂತೆ ಸೆಗಣಿ ಸಾರಿಸಿದ ನೆಲ. ಮುಂದೆ ರಸ್ತೆಗೆ ಅಡ್ಡವಾಗಿ ಕೆಂಪು ಮಣ್ಣಿನ ಗುಡ್ಡೆ. ಅದರ ಪಕ್ಕ ಒಂದು ಕಚೇರಿಯ ಮೇಜು. ಮೇಜಿನ ಹಿಂದೆ ಕೂತಿರುವುದು ದೈವ, ನಮ್ಮ ಕಡೆ ಕೋಲ ಕೊಟ್ಟು ನಂಬುವ ಭೂತ. ಮುಖಕ್ಕೆ ಅರದಾಳದ ಹಳದಿ ಬಣ್ಣ, ಸೊಂಟಕ್ಕೆ ತೆಂಗಿನ ಗರಿಯ ಸಿರಿ, ಕಾಲಿಗೆ ಗಗ್ಗರ. ಮೇಜಿನ ಅಡಿಯಲ್ಲಿ ಕಾಲು ಅಲ್ಲಾಡಿದಾಗಲೆಲ್ಲ ಗಗ್ಗರದ ಸದ್ದು. ಕೈಯಲ್ಲಿ ನನ್ನ ಪಾಸ್‌ಪೋರ್ಟ್. ಒಂದೊಂದೇ ಪುಟ ತಿರುಗಿಸುತ್ತಿದೆ. ಎಲ್ಲಾ ಪುಟಗಳೂ ಒದ್ದೆ, ಒಂದರಲ್ಲೂ ಅಕ್ಷರ ಇಲ್ಲ.

ಪಕ್ಕದಲ್ಲಿ ಒಂದು ಕಂಬ. ಅದಕ್ಕೆ ಒಂದು ಬಟ್ಟೆ ಏರುತ್ತಾ ಇದೆ. ಬಾವುಟ ಅಂತ ನನಗೆ ಗೊತ್ತು, ಯಾವುದರ ಬಾವುಟ ಅಂತ ಗೊತ್ತಿಲ್ಲ. ಅದಕ್ಕೆ ಬಣ್ಣವೇ ಇಲ್ಲ. ಈಗಷ್ಟೇ ಒಗೆದು ತಂದ ಹಾಗೆ ನೀರು ತೊಟ್ಟಿಕ್ಕುತ್ತಿದೆ.

ದೈವ ತಲೆ ಎತ್ತಿ ಮಲಯಾಳದಲ್ಲಿ ಕೇಳಿತು, "ನಾಟ್ಟಿಲ್ ಎವಿಡೆಯಾ?" ನಿನ್ನ ಊರು ಎಲ್ಲಿ ಅಂತ. ನಾನು ಬಾಯಿ ತೆರೆದೆ. ಸದ್ದು ಬರಲಿಲ್ಲ. ಮತ್ತೆ ಮತ್ತೆ ಪ್ರಯತ್ನಿಸಿದೆ, ಗಂಟಲಲ್ಲಿ ಗಾಳಿ ಮಾತ್ರ. ಆಗ ದೈವ ಪಾಸ್‌ಪೋರ್ಟ್ ಮುಚ್ಚಿ, ತುಳುವಿನಲ್ಲಿ ಹೇಳಿತು, "ನಿನಗೆ ಗಡಿ ಆಗಿದೆ."

ಹೆದರಿ ಹಿಂದೆ ತಿರುಗಿದೆ. ಸಾಲಿನ ನಡುವೆ ಅಮ್ಮ. ಮಣೆ ಹಾಕಿಕೊಂಡು ಆರಾಮವಾಗಿ ಅಡಿಕೆ ಸುಲಿಯುತ್ತಾ ಕೂತಿದ್ದಾರೆ. ಒಣ ಸಿಪ್ಪೆಯ ವಾಸನೆ ನನ್ನ ಮೂಗಿಗೆ ಬಂತು, ಕನಸಿನಲ್ಲಿ ವಾಸನೆ ಬಂದದ್ದು ನನಗೆ ಇದೇ ಮೊದಲು. ಅಮ್ಮ ತಲೆ ಎತ್ತಲೇ ಇಲ್ಲ. "ಗೋಣಿ ತಂದಿದ್ದೀಯಾ?" ಅಂತ ಕೇಳಿದರು. ಕೇಳಿದ್ದು ತುಳುವಿನಲ್ಲಿ, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಅಷ್ಟರಲ್ಲಿ ಎಚ್ಚರವಾಯಿತು. ಹೊರಗೆ ಇನ್ನೂ ಕತ್ತಲು, ಆಚೆ ಮನೆಯ ಕೋಳಿ ಕೂಗುತ್ತಿತ್ತು. ಅಮ್ಮ ತೀರಿಹೋದದ್ದು 2022ರಲ್ಲಿ.

ಬೆಳಗಿನ ಜಾವದ ಕನಸು ನಿಜವಾಗುತ್ತದೆ ಅಂತ ನಮ್ಮಲ್ಲಿ ಹೇಳುತ್ತಾರೆ. ನನ್ನ ಹೆಂಡತಿಯೂ ಅದನ್ನೇ ಹೇಳಿದಳು, ಆಮೇಲೆ ನನ್ನ ಮುಖ ನೋಡಿ, "ಸುಮ್ನೆ ತಲೆಗೆ ಹಚ್ಚಿಕೊಳ್ಳಬೇಡಿ, ನಿನ್ನೆ ಆ ಫಾರ್ಮ್ ಹಿಡಿದು ಕೂತಿದ್ದಿರಲ್ವಾ, ಅದಕ್ಕೇ" ಅಂದಳು. ಅವಳು ಹೇಳಿದ್ದರಲ್ಲಿ ಸತ್ಯ ಇದೆ. ಹಗಲಿನಲ್ಲಿ ಉಳಿದುಹೋದ ಚೂರುಗಳನ್ನೇ ರಾತ್ರಿ ಕನಸು ಹೆಕ್ಕಿಕೊಳ್ಳುತ್ತದೆ ಅಂತ ಫ್ರಾಯ್ಡ್ ಹೇಳಿದ್ದು ಕೂಡ ಅದೇ. ಆತ ಇನ್ನೊಂದು ಮಾತನ್ನೂ ಹೇಳಿದ್ದಾನೆ, ಕನಸು ಪದಗಳ ಜೊತೆ ಆಡುತ್ತದೆ, ಒಂದು ಪದದ ಎರಡು ಅರ್ಥಗಳನ್ನು ಒಟ್ಟಿಗೆ ಕಟ್ಟಿಹಾಕುತ್ತದೆ ಅಂತ. ಆ ಮಾತು ನನಗೆ ಆಮೇಲೆ ಬೇಕಾಯಿತು.

ಫಾರ್ಮ್ ನನ್ನ ಮಗಳದ್ದು. ಕರ್ನಾಟಕದಲ್ಲಿ ಮುಂದಕ್ಕೆ ಓದಬೇಕು ಅಂತ ಅವಳಿಗೆ ಆಸೆ. ಅದಕ್ಕೆ ನಾವು 'ಗಡಿನಾಡ ಕನ್ನಡಿಗರು' ಅಂತ ಕಾಗದದಲ್ಲಿ ತೋರಿಸಬೇಕು. ಹುಟ್ಟಿದ ರಾಜ್ಯ, ಕೇರಳ. ದೇಶ, ಭಾರತ. ಧರ್ಮ, ಅದನ್ನೂ ಬರೆದೆ. ತಾಯಿನುಡಿ ಅನ್ನುವ ಕಾಲಂ ಬಂದಾಗ ಪೆನ್ನು ನಿಂತಿತು. ಮನೆಯಲ್ಲಿ ನಾವು ಆಡುವುದು ತುಳು. 2011ರ ಜನಗಣತಿಯಲ್ಲಿ 18 ಲಕ್ಷಕ್ಕೂ ಜಾಸ್ತಿ ಜನ ತುಳುವನ್ನು ತಾಯಿನುಡಿ ಅಂತ ಬರೆಸಿದ್ದಾರೆ, ಆದರೂ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಅದಕ್ಕೆ ಜಾಗ ಇಲ್ಲ. ನಾನು ಓದಿದ್ದು ಬರೆದಿದ್ದು, ಪ್ರೀತಿಯಿಂದ ಬೆಳೆದದ್ದು ಕನ್ನಡದಲ್ಲಿ. 'ಕನ್ನಡ' ಅಂತ ಬರೆದೆ. ಸುಳ್ಳಲ್ಲ. ಆದರೆ ಬರೆಯುವಾಗ ಅಮ್ಮನ ಕಡೆಗೆ ಬೆನ್ನು ತಿರುಗಿಸಿ ಕೂತ ಹಾಗೆ ಅನಿಸಿತು. ಕನಸಿನಲ್ಲಿ ಅಮ್ಮ ನನ್ನ ಬೆನ್ನ ಹಿಂದೆಯೇ ಇದ್ದರಲ್ವಾ.

ಹಾಗಾದರೆ ಮುಗಿಯಿತು, ಫಾರ್ಮ್ ತುಂಬಿಸಿದ ದಿನದ ಕನಸು, ಅಷ್ಟೇ ಅನ್ನಬಹುದು. ನನಗೆ ಸಮಾಧಾನ ಆಗಲಿಲ್ಲ. ಫಾರ್ಮಿನ ಜೊತೆ ದೈವ ಯಾಕೆ ಬಂತು?

ಇಲ್ಲಿ ನಮ್ಮ ಊರಿನ ಕಥೆ ಸ್ವಲ್ಪ ಹೇಳಬೇಕು. ಹೊರಗಿನವರಿಗೆ ಕಾಸರಗೋಡು ಅಂದರೆ ಒಂದು ಹಳೇ ಜಗಳ, ಪ್ರತಿ ನವೆಂಬರ್ ಒಂದಕ್ಕೆ ನೆನಪಾಗುವಂಥದ್ದು. ನಮಗೆ ಅದು ಮನೆಯೊಳಗಿನ ವಿಷಯ. ಅಮ್ಮ ಹುಟ್ಟುವಾಗ ನಮ್ಮ ಊರು ಮದರಾಸಿಗೆ ಸೇರಿದ ದಕ್ಷಿಣ ಕನ್ನಡದಲ್ಲಿತ್ತು. ಅವರು ಶಾಲೆಗೆ ಹೋಗುವ ಕಾಲಕ್ಕೆ, 1956ರ ನವೆಂಬರ್ 1ರಂದು, ಕೇರಳ ಆಯಿತು, 1957ರಲ್ಲಿ ಕಣ್ಣೂರು ಜಿಲ್ಲೆಗೆ ಸೇರಿತು. 1984ರ ಮೇ 24ಕ್ಕೆ ಕಾಸರಗೋಡು ಬೇರೆ ಜಿಲ್ಲೆ ಆಯಿತು. ನಮ್ಮದು ಅಳಿಯಕಟ್ಟಿನ ಮನೆ, ತಾಯಿಯ ಕಡೆಯಿಂದ ವಂಶ ನಡೆಯುವುದು, ಅಮ್ಮ ಮದುವೆಯಾದ ಮೇಲೂ ಹುಟ್ಟಿದ ಮನೆಯಲ್ಲೇ ಇದ್ದವರು. ಅವರು ಎಲ್ಲಿಗೂ ಹೋಗಲಿಲ್ಲ, ವಿಳಾಸ ಮಾತ್ರ ಬದಲಾಗುತ್ತಾ ಹೋಯಿತು. ಗಡಿಯ ಜಗಳ ಬಗೆಹರಿಸಲು ನೇಮಿಸಿದ ಮಹಾಜನ ಆಯೋಗ 1967ರ ವರದಿಯಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಆಗಿನ ಮೈಸೂರು ರಾಜ್ಯಕ್ಕೆ ಕೊಡಬೇಕು ಅಂತ ಹೇಳಿತ್ತು. ನಮ್ಮ ಮನೆ ಹೊಳೆಯ ಉತ್ತರಕ್ಕೇ ಉಂಟು. ವರದಿ ವರದಿಯಾಗಿಯೇ ಉಳಿಯಿತು.

ಕಯ್ಯಾರ ಕಿಞ್ಞಣ್ಣ ರೈಗಳು ನಮ್ಮ ಪೆರಡಾಲದವರು. 1915ರಲ್ಲಿ ಹುಟ್ಟಿ 2015ರಲ್ಲಿ ತೀರಿಕೊಂಡರು. ಪ್ರಾಯದಲ್ಲಿ ದೇಶದ ಸ್ವಾತಂತ್ರ್ಯಕ್ಕೆ ಹೋರಾಡಿದರು, ಆಮೇಲೆ ಬದುಕಿಡೀ ಕಾಸರಗೋಡು ಕರ್ನಾಟಕಕ್ಕೆ ಸೇರಬೇಕು ಅಂತ ಹೋರಾಡಿದರು. ಅವರಿಗೆ ದೇಶ ಸಿಕ್ಕಿತು, ನಾಡು ಸಿಗಲಿಲ್ಲ. ಈ ಎರಡು ಪದಗಳನ್ನು ನಾವು ಒಂದೇ ಉಸಿರಿಗೆ ಹೇಳುತ್ತೇವೆ, 'ನಾಡು ನುಡಿ ದೇಶ' ಅಂತ. ಅವು ಬೇರೆ ಬೇರೆ ಅಂತ ಗೊತ್ತಾಗಬೇಕಾದರೆ ನಮ್ಮಂಥ ಕಡೆ ಹುಟ್ಟಬೇಕು. ಮಲಯಾಳದಲ್ಲಿ ನಾಡು ಅಂದರೆ ಹುಟ್ಟಿದ ಊರು. ಕನ್ನಡದಲ್ಲಿ ನಾಡಗೀತೆ, ನಾಡಹಬ್ಬ, ಇಡೀ ರಾಜ್ಯ. ದೈವ "ನಾಟ್ಟಿಲ್ ಎವಿಡೆಯಾ" ಅಂತ ಕೇಳಿದಾಗ ಅದು ಊರು ಕೇಳುತ್ತಿದೆಯೋ ರಾಜ್ಯ ಕೇಳುತ್ತಿದೆಯೋ ದೇಶ ಕೇಳುತ್ತಿದೆಯೋ ಅಂತ ನನಗೆ ಗೊತ್ತಾಗಲಿಲ್ಲ, ಅದಕ್ಕೇ ಗಂಟಲು ಕಟ್ಟಿತು ಅಂತ ಈಗ ಅನಿಸುತ್ತದೆ. ಊರು ಮಾತ್ರ ಕೇಳಿದ್ದರೆ ಹೇಳುತ್ತಿದ್ದೆ.

ನಾನು ನಾಲ್ಕು ವರ್ಷ ಗಲ್ಫಿನಲ್ಲಿ ಇದ್ದೆ. ಕಾಸರಗೋಡಿನ ಅರ್ಧ ಮನೆಗಳಿಂದ ಯಾರಾದರೂ ಒಬ್ಬರು ಅಲ್ಲಿಗೆ ಹೋಗಿಯೇ ಇರುತ್ತಾರೆ. ಅಲ್ಲಿ ಅರಬರು ನಮ್ಮನ್ನು 'ಹಿಂದಿ' ಅನ್ನುತ್ತಿದ್ದರು. ಅರಬಿಯಲ್ಲಿ ಹಿಂದಿ ಅಂದರೆ ಭಾರತದವನು, ಭಾಷೆಯಲ್ಲ. ಮೊದಲ ದಿನ ಆ ಪದ ಕೇಳಿ ಗಲಿಬಿಲಿಯಾಗಿದ್ದು ನಿಜ, ಆಮೇಲೆ ಅದರಲ್ಲಿ ಒಂದು ನೆಮ್ಮದಿ ಸಿಕ್ಕಿತು. ಕೇರಳವೋ ಕರ್ನಾಟಕವೋ ಅಂತ ಯಾರೂ ಕೇಳುತ್ತಿರಲಿಲ್ಲ. ರೂಮಿನಲ್ಲಿ ನಮ್ಮ ಜೊತೆ ಉಪ್ಪಳದ ಬ್ಯಾರಿಗಳು, ಬೇಳದ ಕೊಂಕಣಿ ಕ್ರಿಶ್ಚಿಯನ್ನರು, ಪಯ್ಯನ್ನೂರಿನವರು ಎಲ್ಲಾ ಇದ್ದರು. ಆಗಸ್ಟ್ 15ಕ್ಕೆ ರೂಮಿನ ಬಾಗಿಲಿಗೆ ಒಂದು ಚಿಕ್ಕ ಕಾಗದದ ಬಾವುಟ ಅಂಟಿಸಿ, ಪಾಯಸ ಮಾಡಿ ತಿಂದೆವು. ದೇಶ ಅನ್ನುವುದು ನನಗೆ ಅಷ್ಟು ಸುಲಭವಾಗಿ, ಅಷ್ಟು ಪೂರ್ತಿಯಾಗಿ ಸಿಕ್ಕಿದ್ದು ಆ ಪರದೇಶದ ರೂಮಿನಲ್ಲೇ. ವಾಪಸು ಬಂದ ಮೇಲೆ ಅದು ಮತ್ತೆ ಚೂರು ಚೂರಾಯಿತು.

ಮನೆಯ ಹೊರಗೆ ಕನಸನ್ನು ಮೊದಲು ಹೇಳಿದ್ದು ನಮ್ಮ ರಸ್ತೆ ತಿರುವಿನ ಅಂಗಡಿಯ ಕಾಕನಿಗೆ. ಅವರಿಗೆ ಎಪ್ಪತ್ತು ದಾಟಿದೆ, ನನ್ನ ಅಪ್ಪನ ಗೆಳೆಯರು. ಅರ್ಧ ಹೇಳುವಾಗಲೇ ಕೈ ಎತ್ತಿ ತಡೆದರು. "ಮೋನೇ, ಕನಸನ್ನು ಎಲ್ಲರ ಹತ್ತಿರ ಹೇಳಬಾರದು" ಅಂದರು. ಕುರಾನಿನಲ್ಲಿ ಬರುವ ಯೂಸುಫ್ ನಬಿ ಹನ್ನೊಂದು ನಕ್ಷತ್ರ, ಸೂರ್ಯ, ಚಂದ್ರ ತನಗೆ ತಲೆ ಬಾಗಿದ ಕನಸು ಕಂಡಾಗ, ಇದನ್ನು ನಿನ್ನ ಅಣ್ಣಂದಿರಿಗೆ ಹೇಳಬೇಡ ಅಂತ ತಂದೆಯೇ ಹೇಳಿದರಂತೆ. ಒಳ್ಳೆಯ ಕನಸಾದರೆ ನಿನ್ನನ್ನು ಪ್ರೀತಿಸುವವರಿಗೆ ಮಾತ್ರ ಹೇಳು, ಕೆಟ್ಟದ್ದಾದರೆ ಯಾರಿಗೂ ಹೇಳಬೇಡ, ಇದು ಅವರಲ್ಲಿ ರೂಢಿ. "ಹಾಗಾದರೆ ನಿಮಗೆ ಹೇಳಬಹುದಲ್ಲ ಕಾಕಾ" ಅಂದೆ. ಅವರ ಕಣ್ಣು ತುಂಬಿತು. ಪೂರ್ತಿ ಕೇಳಿದರು. ಅರ್ಥ ಹೇಳಲಿಲ್ಲ. "ನಿನ್ನ ಅಮ್ಮ ನೆಮ್ಮದಿಯಾಗಿ ಕೂತಿದ್ದರಲ್ಲ, ಅದು ಸಾಕು" ಅಂದರು.

ಕನಸಿಗೆ ಅರ್ಥ ಕೇಳುವ ಪದ್ಧತಿ ಎಲ್ಲಾ ಧರ್ಮದಲ್ಲೂ ಉಂಟು. ನನಗೆ ಎಲ್ಲಕ್ಕಿಂತ ಹತ್ತಿರ ಅನಿಸಿದ್ದು ಶ್ರವಣಬೆಳಗೊಳದ ಕಥೆ. ಚಂದ್ರಗುಪ್ತ ಮೌರ್ಯ ಒಂದೇ ರಾತ್ರಿ 16 ಕನಸು ಕಂಡನಂತೆ. ಅದರಲ್ಲಿ ಒಂದು, ಹನ್ನೆರಡು ಹೆಡೆಯ ಹಾವು. ಭದ್ರಬಾಹು ಮುನಿಗಳು ಅದಕ್ಕೆ ಹನ್ನೆರಡು ವರ್ಷದ ಬರಗಾಲ ಅಂತ ಅರ್ಥ ಹೇಳಿದರು. ರಾಜ ರಾಜ್ಯ ಬಿಟ್ಟು ಅವರ ಹಿಂದೆ ದಕ್ಷಿಣಕ್ಕೆ ನಡೆದ. ಈ ಕಥೆಯನ್ನು ಚಿಕ್ಕಂದಿನಲ್ಲಿ ಕೇಳಿದ್ದೆ, ಈಗ ಬೇರೆ ಥರ ಕಾಣುತ್ತದೆ. ಆ ಕನಸುಗಳು ರಾಜನ ಸ್ವಂತದ್ದಲ್ಲ. ದೇಶಕ್ಕೆ ಏನಾಗುತ್ತದೆ, ಧರ್ಮಕ್ಕೆ ಏನಾಗುತ್ತದೆ ಅನ್ನುವ ಎರಡೂ ಭಯ ಒಂದೇ ನಿದ್ದೆಯಲ್ಲಿ ಬಂದಿವೆ. ನಾನು ರಾಜನಲ್ಲ, ಆದರೆ ಆ ಎರಡು ಭಯ ನನಗೂ ಉಂಟು. ಇವತ್ತು ಯಾರಿಗೆ ಇಲ್ಲ ಹೇಳಿ?

ನನ್ನ ಭಯವನ್ನು ಬಿಡಿಸಿ ಹೇಳುತ್ತೇನೆ. ದೈವ ಮೇಜಿನ ಹಿಂದೆ ಕೂತದ್ದು ನನಗೆ ಸಹಿಸಲಾಗಲಿಲ್ಲ. ನಾನು ದೈವವನ್ನು ನಂಬುವವನು. ಅದರ ಮುಂದೆ ಕೈ ಮುಗಿಯುವಾಗ ನನಗೆ ಹೆದರಿಕೆ ಆಗುವುದಿಲ್ಲ, ಅಥವಾ ಆಗುವ ಹೆದರಿಕೆ ಅಜ್ಜನ ಮುಂದೆ ಆಗುವಂಥದ್ದು. ಅದೇ ದೈವ ಕೈಯಲ್ಲಿ ಪಾಸ್‌ಪೋರ್ಟ್ ಹಿಡಿದು, ಅಧಿಕಾರಿಯ ಹಾಗೆ ಪುಟ ತಿರುಗಿಸಿ, ನೀನು ಎಲ್ಲಿಯವನು ಅಂತ ಕೇಳಿದರೆ? ನಂಬಿಕೆ ಮತ್ತು ಸರಕಾರ ಒಂದೇ ಕುರ್ಚಿಯಲ್ಲಿ ಕೂತರೆ ನನ್ನಂಥವನು ದೂರು ಹೇಳಲು ಎಲ್ಲಿಗೆ ಹೋಗುವುದು? ಸರಕಾರದ ಮೇಲೆ ಬೇಸರ ಆದಾಗ ದೈವದ ಹತ್ತಿರ ಹೇಳಿಕೊಳ್ಳುತ್ತೇವೆ. ದೈವದ ಹೆಸರಿನಲ್ಲಿ ಯಾರಾದರೂ ಅನ್ಯಾಯ ಮಾಡಿದರೆ ಕೋರ್ಟಿಗೆ ಹೋಗುತ್ತೇವೆ. ಎರಡು ಬಾಗಿಲು ಇರುವುದರಿಂದ ಬದುಕು ನಡೆಯುತ್ತದೆ. ಈಗೀಗ ಎರಡನ್ನೂ ಒಂದು ಮಾಡಬೇಕು ಅನ್ನುವ ಮಾತು ಜಾಸ್ತಿ ಕೇಳುತ್ತದೆ, ದೇಶದ ಮೇಲೆ ಪ್ರೀತಿ ಇದೆಯಾ ಅಂತ ಧರ್ಮ ನೋಡಿ ಅಳೆಯುತ್ತಾರೆ, ಧರ್ಮ ಸರಿ ಇದೆಯಾ ಅಂತ ಬಾವುಟ ನೋಡಿ ಅಳೆಯುತ್ತಾರೆ. ನನಗೆ ಅದು ನೋವಿನ ವಿಷಯ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಆ ಬಾವುಟದ ಬಗ್ಗೆಯೂ ತುಂಬಾ ಯೋಚಿಸಿದೆ. ನಮ್ಮಲ್ಲಿ ವರ್ಷವಿಡೀ ಬಾವುಟ ಏರುತ್ತಲೇ ಇರುತ್ತದೆ. ದೇವಸ್ಥಾನದ ಜಾತ್ರೆಗೆ ಕೊಡಿ ಏರುತ್ತದೆ, ಉರೂಸಿಗೆ ಏರುತ್ತದೆ, ಚರ್ಚಿನ ಹಬ್ಬಕ್ಕೂ ಏರುತ್ತದೆ. ಶಾಲೆಯಲ್ಲಿ ವರ್ಷಕ್ಕೆ ಎರಡು ಸಲ. ಚಿಕ್ಕಂದಿನಲ್ಲಿ ನನಗೆ ಅವುಗಳ ನಡುವೆ ವ್ಯತ್ಯಾಸವೇ ಗೊತ್ತಿರಲಿಲ್ಲ, ಬಾವುಟ ಏರಿದರೆ ತಿನ್ನಲು ಏನಾದರೂ ಸಿಗುತ್ತದೆ ಅಂತ ಮಾತ್ರ ಗೊತ್ತಿತ್ತು. ದೇಶದ ಬಾವುಟದ ನಡುವಿನ ಚಕ್ರ ಬುದ್ಧನ ಧರ್ಮಚಕ್ರ, 24 ಅರಗಳದ್ದು, ಸಾರನಾಥದ ಅಶೋಕನ ಕಂಬದಿಂದ ಬಂದದ್ದು. ಪಾಸ್‌ಪೋರ್ಟಿನ ಮೇಲಿನ ಸಿಂಹಗಳೂ ಅಲ್ಲಿಯವೇ. ಅದರ ಕೆಳಗಿನ 'ಸತ್ಯಮೇವ ಜಯತೇ' ಮುಂಡಕ ಉಪನಿಷತ್ತಿನದ್ದು. ಅಂದರೆ ದೇಶದ ಗುರುತುಗಳಲ್ಲಿ ನಂಬಿಕೆ ಮೊದಲೇ ಸೇರಿಕೊಂಡಿದೆ. ಆದರೆ ಅದು ಅಲ್ಲಿ ಯಾರನ್ನೂ ಪ್ರಶ್ನೆ ಕೇಳುತ್ತಿಲ್ಲ. ಕನಸಿನ ಬಾವುಟಕ್ಕೆ ಬಣ್ಣ ಇಲ್ಲದ್ದು ನೋಡಿ ಮೊದಲು ಅಪಶಕುನ ಅಂತ ಹೆದರಿದ್ದೆ. ಈಗ ಹಾಗೆ ಅನಿಸುವುದಿಲ್ಲ. ಅದು ಒಗೆದ ಬಟ್ಟೆ. ಒಣಗಲು ಹಾಕಿದ್ದರು. ಇದು ನನ್ನ ಅರ್ಥ, ಯಾವ ಶಾಸ್ತ್ರದ್ದೂ ಅಲ್ಲ.

ದೈವ ಕೂತದ್ದರ ಬಗ್ಗೆ ಯೋಚಿಸುತ್ತಾ ಎಡನೀರು ಮಠ ನೆನಪಾಯಿತು. ನಮ್ಮ ಮನೆಯಿಂದ ದೂರ ಇಲ್ಲ, ಚಿಕ್ಕಂದಿನಲ್ಲಿ ಅಲ್ಲಿಗೆ ಯಕ್ಷಗಾನ ನೋಡಲು ಹೋಗುತ್ತಿದ್ದೆವು. ಕೇಶವಾನಂದ ಭಾರತಿ ಸ್ವಾಮಿಗಳು ಸ್ವತಃ ಭಾಗವತಿಕೆ ಮಾಡುತ್ತಿದ್ದರು. ಕೇರಳದ ಭೂಸುಧಾರಣಾ ಕಾನೂನಿನಿಂದ ಮಠದ ಜಮೀನು ಹೋಗುವ ಹಾಗಾದಾಗ ಅವರು 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಆಗ ಅವರಿಗೆ ಇನ್ನೂ 30 ತುಂಬಿರಲಿಲ್ಲ. 13 ಜನ ನ್ಯಾಯಾಧೀಶರ ಪೀಠ 68 ದಿನ ವಾದ ಕೇಳಿತು. 1973ರ ಏಪ್ರಿಲ್ 24ರಂದು ತೀರ್ಪು ಬಂತು, 7 ಜನ ಒಂದು ಕಡೆ, 6 ಜನ ಇನ್ನೊಂದು ಕಡೆ. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ರಚನೆಯನ್ನು ಹಾಳು ಮಾಡುವ ಹಾಗಿಲ್ಲ ಅಂತ. ಆ ಮೂಲ ರಚನೆಯಲ್ಲಿ ಏನೆಲ್ಲ ಬರುತ್ತದೆ ಅಂತ ಹೇಳುವಾಗ ಮುಖ್ಯ ನ್ಯಾಯಮೂರ್ತಿ ಸಿಕ್ರಿಯವರು ಸಂವಿಧಾನದ ಜಾತ್ಯತೀತ ಸ್ವರೂಪವನ್ನೂ ಹೆಸರಿಸಿದರು. ಒಂದು ಹಿಂದೂ ಮಠದ ಸನ್ಯಾಸಿಯ ಅರ್ಜಿಯಿಂದ ಈ ಮಾತು ಹೊರಗೆ ಬಂತು. ಮಠಕ್ಕೆ ಜಮೀನಿನ ವಿಷಯದಲ್ಲಿ ಬೇಕಾದ ಗೆಲುವು ಸಿಗಲಿಲ್ಲ. ಆದರೆ ದೇಶದ ಎಲ್ಲಾ ಕಾನೂನು ಕಾಲೇಜುಗಳಲ್ಲಿ ಇವತ್ತಿಗೂ ನಮ್ಮ ಊರಿನ ಸ್ವಾಮಿಗಳ ಹೆಸರು ಓದುತ್ತಾರೆ.

ಇದನ್ನು ಯಾಕೆ ಹೇಳಿದೆ ಅಂದರೆ, ಕಾವಿ ಉಟ್ಟ ಆ ಸ್ವಾಮಿಗಳು ನಿಂತದ್ದು ಮೇಜಿನ ಈಚೆಗೆ. ನಾನು ನಿಂತ ಕಡೆ. ಅರ್ಜಿ ಹಿಡಿದುಕೊಂಡು, ಒಬ್ಬ ನಾಗರಿಕನಾಗಿ.

ಮಂಜೇಶ್ವರದ ಉದ್ಯಾವರದಲ್ಲಿ ಇನ್ನೊಂದು ಕ್ರಮ ಉಂಟು. ಅರಸು ಮಂಜಿಷ್ಣಾರ್ ದೈವಗಳ ಜಾತ್ರೆಗೆ ಮೊದಲು, ವಿಷು ಕಳೆದ ಮೇಲಿನ ಶುಕ್ರವಾರ, ದೈವದ ಪಾತ್ರಿಗಳು ಸಾವಿರ ಜಮಾಅತ್ ಮಸೀದಿಗೆ ಹೋಗುತ್ತಾರೆ. ನಮ್ಮ ಜಾತ್ರೆಗೆ ಬನ್ನಿ ಅಂತ ಕರೆಯಲು. ಮಸೀದಿಯವರು ಕಾದು ನಿಂತು ಬರಮಾಡಿಕೊಳ್ಳುತ್ತಾರೆ. ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಅದನ್ನು ತೋರಿಸಿದ್ದರು. ಕುಂಬಳೆ ಹತ್ತಿರ ಆರಿಕ್ಕಾಡಿಯಲ್ಲಿ ಆಲಿ ಭೂತವೇ ಉಂಟು, ಮುಸ್ಲಿಮನಾಗಿದ್ದವನು ಸತ್ತು ಭೂತವಾದದ್ದು, ಎರಡೂ ಕಡೆಯವರು ಹರಕೆ ಹೇಳುತ್ತಾರೆ. ನಮ್ಮ ಕಡೆಯ ದೈವ ನಡೆಯುತ್ತದೆ, ಕುಣಿಯುತ್ತದೆ, ಇನ್ನೊಬ್ಬರ ಬಾಗಿಲಿಗೆ ಹೋಗುತ್ತದೆ. ಮೇಜು ಹಾಕಿಕೊಂಡು ಕೂತ ದೈವವನ್ನು ನಾನು ಎಲ್ಲೂ ನೋಡಿಲ್ಲ. ಇಲ್ಲಿ ಎಲ್ಲಾ ಚೆನ್ನಾಗಿದೆ, ಜಗಳವೇ ಆಗಿಲ್ಲ ಅಂತ ನಾನು ಹೇಳುತ್ತಿಲ್ಲ. ಆಗಿದೆ, ರಕ್ತವೂ ಬಿದ್ದಿದೆ. ಆದರೂ ಆ ಶುಕ್ರವಾರದ ಕ್ರಮ ಇನ್ನೂ ಉಳಿದಿದೆ.

ಒಂದು ಭಾನುವಾರ ಮಂಜೇಶ್ವರದ ಗಿಳಿವಿಂಡಿಗೆ ಹೋಗಿ ಬಂದೆ, ಗೋವಿಂದ ಪೈಗಳ ಮನೆ. ಅವರ ಮನೆಮಾತು ಕೊಂಕಣಿ, ಬರೆದದ್ದು ಕನ್ನಡ. ಹಿಂದೂ, ಆದರೆ ಕ್ರಿಸ್ತನ ಕೊನೆಯ ದಿನದ ಮೇಲೂ ಬುದ್ಧನ ಕೊನೆಯ ದಿನಗಳ ಮೇಲೂ ದೊಡ್ಡ ಕಾವ್ಯ ಬರೆದರು. 1949ರಲ್ಲಿ ಮದರಾಸು ಸರಕಾರ ಅವರಿಗೆ ರಾಷ್ಟ್ರಕವಿ ಅಂತ ಬಿರುದು ಕೊಟ್ಟಿತು. ಏಳು ವರ್ಷದಲ್ಲಿ ಅವರ ಮನೆ ಕೇರಳಕ್ಕೆ ಸೇರಿತು. ಅವರು ತೀರಿಕೊಂಡದ್ದು 1963ರ ಸೆಪ್ಟೆಂಬರ್ 6ಕ್ಕೆ, ಎಡನೀರಿನ ಸ್ವಾಮಿಗಳು 2020ರ ಸೆಪ್ಟೆಂಬರ್ 6ಕ್ಕೆ. ಆ ಅಂಗಳದಲ್ಲಿ ಸ್ವಲ್ಪ ಹೊತ್ತು ಕೂತೆ. ತಾಯಿನುಡಿ ಅನ್ನುವ ಕಾಲಂ ಅವರ ಮುಂದೆ ಬಂದಿದ್ದರೆ ಏನು ಬರೆಯುತ್ತಿದ್ದರೋ ಅಂತ ಯೋಚಿಸಿದೆ.

ತಾಯಿನುಡಿಯ ವಿಷಯದಲ್ಲಿ ಸಂವಿಧಾನ ನಮ್ಮನ್ನು ಮರೆತಿಲ್ಲ ಅನ್ನುವುದನ್ನೂ ಹೇಳಬೇಕು. ಏಳನೇ ತಿದ್ದುಪಡಿಯಲ್ಲಿ 350ಎ ಅಂತ ಒಂದು ವಿಧಿ ಸೇರಿಸಿದರು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಶಾಲೆಯಲ್ಲಿ ತಾಯಿನುಡಿಯಲ್ಲೇ ಕಲಿಸುವ ಸೌಕರ್ಯ ಮಾಡಬೇಕು ಅಂತ. ಅದು ಜಾರಿಗೆ ಬಂದದ್ದು 1956ರ ನವೆಂಬರ್ 1ರಂದು. ನಮ್ಮನ್ನು ಗಡಿಯ ಆಚೆಗೆ ಹಾಕಿದ ದಿನವೇ ಈ ಮಾತನ್ನೂ ಕೊಟ್ಟರು. ಮಾತು ಕೊಟ್ಟಷ್ಟು ನಡೆದಿಲ್ಲ. ನನ್ನ ಮಗಳ ಕನ್ನಡ ಮಾಧ್ಯಮದ ಶಾಲೆಗೆ ಒಂದು ವರ್ಷ ಕನ್ನಡವೇ ಬಾರದ ಟೀಚರ್ ಬಂದಿದ್ದರು. ಮಕ್ಕಳು ಬೆಪ್ಪಾಗಿ ಕೂರುತ್ತಿದ್ದವು, ಪಾಪ ಆ ಟೀಚರಿಗೂ ಅಳು ಬರುತ್ತಿತ್ತು.

ಕನಸಿನ ಗಂಟು ಬಿಚ್ಚಿದ್ದು ಮಾತ್ರ ತಮ್ಮಲೆ. ತುಳುವಿನಲ್ಲಿ ತಮ್ಮಲೆ ಅಂದರೆ ಸೋದರಮಾವ. ಅಮ್ಮನ ತಮ್ಮ, ನಮ್ಮ ತರವಾಡಿಗೆ ಈಗ ಅವರೇ ಹಿರಿಯರು. ಮಂಡಿ ನೋವು, ಜಾಸ್ತಿ ಹೊರಗೆ ಬರುವುದಿಲ್ಲ. ಚಾವಡಿಯಲ್ಲಿ ಕೂತು ಇಡೀ ಕನಸು ಕೇಳಿದರು. ನಾನು, "ಮೂರು ವಾರದಿಂದ ಒಂದೇ ಚಿಂತೆ, ದೈವವೇ ನಿನಗೆ ಗಡಿ ಅಂದುಬಿಟ್ಟಿತು, ಇನ್ನು ಮುಂದೆ ಹೋಗುವ ಹಾಗಿಲ್ಲ ಅಂತ" ಅಂದೆ.

ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. "ಎಂತ ಮಾರಾಯ, ದೈವ ಗಡಿ ಅಂದರೆ ನಿನಗೆ ತಲಪಾಡಿ ನೆನಪಾದ್ದಾ?" ಅಂದರು.

ನಾನು ಮರೆತೇಬಿಟ್ಟಿದ್ದೆ. ನಮ್ಮ ಗುತ್ತಿನ ಮನೆಗಳಲ್ಲಿ ದೈವದ ಕಾರ್ಯ ನಡೆಸುವ ಹಿರಿಯನನ್ನು ನೇಮಿಸುವುದಕ್ಕೆ ಗಡಿ ಕೊಡುವುದು ಅನ್ನುತ್ತಾರೆ. ಗಡಿ ಪ್ರದಾನ. ಗಡಿ ಹಿಡಿದವನು ಊರಿನ ಕೋಲ ನಡೆಸಬೇಕು, ನಾಲ್ಕು ಮನೆಯ ಜಗಳ ಕೇಳಬೇಕು, ಬಂದವರಿಗೆ ಎಲೆ ಹಾಕಿ ಬಡಿಸಬೇಕು. ತಮ್ಮಲೆ ಗಡಿ ಹಿಡಿದಾಗ ನಾನು ಹತ್ತು ವರ್ಷದ ಹುಡುಗ. ಅವತ್ತು ಹೊಸ ಪಂಚೆ ಉಟ್ಟು ಅವರು ನಡುಗುತ್ತಾ ನಿಂತದ್ದು ನೆನಪಿದೆ.

ಒಂದೇ ಪದ. ಕನ್ನಡದಲ್ಲಿ ಓದಿ ಬೆಳೆದ ನನ್ನ ಕಿವಿಗೆ ಅದು ಎರಡು ರಾಜ್ಯದ ನಡುವಿನ ಗೆರೆ. ಅದೇ ಪದ ತಮ್ಮಲೆಯ ಕಿವಿಗೆ ಹೆಗಲ ಮೇಲಿನ ಜವಾಬ್ದಾರಿ. ದೈವ ಹೇಳಿದ್ದು ತುಳುವಿನಲ್ಲಿ ಅಲ್ವಾ? ಫಾರ್ಮಿನಲ್ಲಿ ನಾನು ಬರೆಯದೆ ಬಿಟ್ಟ ಭಾಷೆಯಲ್ಲಿ. ನಾನು ಅದನ್ನು ಕನ್ನಡದಲ್ಲಿ ಕೇಳಿಸಿಕೊಂಡು ಹೆದರಿದೆ.

"ಅಳಿಯ ನೀನೇ ಅಲ್ವಾ, ನನ್ನ ನಂತರ" ಅಂದರು ತಮ್ಮಲೆ. ಅದಕ್ಕೆ ನಾನು ಇನ್ನೂ ಉತ್ತರ ಕೊಟ್ಟಿಲ್ಲ. ಸಣ್ಣ ವಿಷಯ ಅಲ್ಲ. ದಿನಾ ಮಂಗಳೂರಿಗೆ ಹೋಗಿ ಬರುವವನು, ಮಗಳ ಓದಿಗೆ ಆಚೆ ಮನೆ ಮಾಡುವ ಯೋಚನೆಯೂ ಇದೆ. ಬರುವ ವರ್ಷದ ಕೋಲಕ್ಕೆ ಮೊದಲು ಹೇಳು ಅಂದಿದ್ದಾರೆ. "ಅಮ್ಮ ಎಂತಕ್ಕೆ ಗೋಣಿ ಕೇಳಿದ್ದು?" ಅಂತ ಕೇಳಿದೆ. ಅದು ತಮಗೆ ಗೊತ್ತಿಲ್ಲ ಅಂದರು.

ಅಕ್ಕನಿಗೆ ಫೋನ್ ಮಾಡಿದ್ದು ಮೊನ್ನೆ ರಾತ್ರಿ.

ಅದಕ್ಕೆ ಮೊದಲು 2020ರ ಒಂದು ದಿನದ ಬಗ್ಗೆ ಹೇಳಬೇಕು. ಲಾಕ್‌ಡೌನ್ ಶುರುವಾದ ಹೊತ್ತು. ಕಾಸರಗೋಡಿನಲ್ಲಿ ಕೊರೊನಾ ಜಾಸ್ತಿ ಅಂತ ಗಡಿ ಮುಚ್ಚಿದರು, ಒಳರಸ್ತೆಗಳಿಗೆ ಮಣ್ಣು ಸುರಿದರು. ನಮ್ಮ ಕಡೆಯವರು ದೊಡ್ಡ ಕಾಯಿಲೆಗೆಲ್ಲ ಹೋಗುವುದು ಮಂಗಳೂರಿಗೆ, ಕಣ್ಣೂರು ದೂರ. ಅಮ್ಮನಿಗೆ ಹೃದಯದ ತೊಂದರೆ, ಎಂಟು ವರ್ಷದಿಂದ ಅಲ್ಲೇ ತೋರಿಸುತ್ತಿದ್ದದ್ದು. ಆ ದಿನ ಉಸಿರು ಕಟ್ಟುತ್ತಿತ್ತು. ಅಕ್ಕನೂ ನಾನೂ ಅಮ್ಮನನ್ನು ಕಾರಿನಲ್ಲಿ ಕೂರಿಸಿ ಹೊರಟೆವು. ತಲಪಾಡಿಯಲ್ಲಿ ಒಬ್ಬ ಹುಡುಗ ತಡೆದ, ಇಪ್ಪತ್ತೈದು ವರ್ಷ ಇರಬೇಕು. ಅಮ್ಮನ ಚೀಟಿ ತೋರಿಸಿ ಕನ್ನಡದಲ್ಲಿ ಬೇಡಿಕೊಂಡೆ. "ಕೇರಳದವರು ವಾಪಸ್ ಹೋಗಿ" ಅಂದ. ಒಳ್ಳೆಯ ಕನ್ನಡದಲ್ಲಿ ಅಂದ. ಬದುಕಿಡೀ ನವೆಂಬರ್ ಒಂದಕ್ಕೆ ಶಾಲೆಯ ಅಂಗಳದಲ್ಲಿ ನಿಂತು ಹಾಡಿದ ನನಗೆ ಆ ಒಂದು ಮಾತು ಎಲ್ಲಿ ನಾಟಿತು ಅಂತ ಬರೆಯಲು ಬರುವುದಿಲ್ಲ. ಅವನಿಗೂ ಮೇಲಿನಿಂದ ಹೇಳಿದ್ದಿರಬಹುದು, ಅವನ ಕೈಯೂ ನಡುಗುತ್ತಿತ್ತು.

ಹೆದ್ದಾರಿ ಬಿಟ್ಟು ಒಳರಸ್ತೆ ಹಿಡಿದೆವು. ಅಲ್ಲಿ ಮಣ್ಣಿನ ಗುಡ್ಡೆ. ಆಳೆತ್ತರ, ಕೆಂಪು, ಇನ್ನೂ ಹಸಿ. ಅಲ್ಲಿಂದ ವಾಪಸು ಬಂದೆವು. ಊರಿನಲ್ಲೇ ಒಬ್ಬ ಡಾಕ್ಟರು ನೋಡಿ ಇಂಜೆಕ್ಷನ್ ಕೊಟ್ಟು, ರಾತ್ರಿಯಿಡೀ ಪಕ್ಕದಲ್ಲಿ ಕೂತು ಉಳಿಸಿದರು. ಅಮ್ಮ ಆಮೇಲೆ ಎರಡು ವರ್ಷ ಇದ್ದರು. ಆ ದಿನದ ಬಗ್ಗೆ ನಾವು ಯಾರೂ ಮತ್ತೆ ಮಾತಾಡಲಿಲ್ಲ.

ಅಕ್ಕನಿಗೆ ಕನಸು ಹೇಳುತ್ತಾ ಗೋಣಿಯ ಮಾತಿಗೆ ಬಂದೆ. ಆಚೆಯಿಂದ ಸದ್ದಿಲ್ಲ. ಲೈನ್ ಕಟ್ ಆಯಿತು ಅಂದುಕೊಂಡೆ.

"ನಿನಗೆ ನೆನಪಿಲ್ವಾ?" ಅಂದಳು ಅಕ್ಕ. ದನಿ ಒಡೆದಿತ್ತು. "ಆ ಗುಡ್ಡೆಯ ಹತ್ತಿರ ಕಾರು ನಿಂತಾಗ ನಾನು ಅಳ್ತಾ ಇದ್ದೆ. ಅಮ್ಮ ನನ್ನ ಹೆಗಲಿಗೆ ಒರಗಿಕೊಂಡು, ಆ ಉಸಿರು ಕಟ್ಟುವುದರಲ್ಲೂ ಕಿಟಕಿಯಿಂದ ಅದನ್ನೇ ನೋಡ್ತಾ ಇದ್ರು. ಒಳ್ಳೆ ಮಣ್ಣು ಅಂದ್ರು. ಒಂದು ಗೋಣಿ ತಂದಿದ್ದರೆ ನಾಲ್ಕು ಅಡಿಕೆ ಬುಡಕ್ಕಾದರೂ ಹಾಕಬಹುದಿತ್ತು ಅಂದ್ರು."

ನಾನು ಆಗ ಹಿಂದಿನ ಚಕ್ರ ಚರಂಡಿಗೆ ಇಳಿಯದ ಹಾಗೆ ಕಾರು ತಿರುಗಿಸುತ್ತಿದ್ದೆ. ಆ ಮಾತು ನನ್ನ ಕಿವಿಗೆ ಬಿದ್ದ ನೆನಪೇ ನನಗಿರಲಿಲ್ಲ.